ಅಜ್ಜಿಯ ತುರಿಕೆಯನ್ನು ಯಾರೂ ಬರೆದುಕೊಂಡಿರಲಿಲ್ಲ

ನಾನು ನರ್ಸ್. ನಮ್ಮ ವಾರ್ಡಿಗೆ ಬಂದ ಒಬ್ಬ ಅಜ್ಜಿಯ ಚಾರ್ಟಿನಲ್ಲಿ ‘ಸುಟ್ಟ ಗಾಯ?’ ಅಂತ ಬರೆದದ್ದು ನಾನೇ. ಆ ಒಂದು ಪ್ರಶ್ನಾರ್ಥಕ ಚಿಹ್ನೆಯಿಂದ ಎರಡು ದಿನ ಒಬ್ಬ ಬಡ ಹೆಂಗಸು ವಾರ್ಡಿನಲ್ಲಿ ತಲೆ ತಗ್ಗಿಸಿ ಓಡಾಡಬೇಕಾಯಿತು. ಅದಕ್ಕೇ ಈ ಕೇಸನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ಅಜ್ಜಿಯ ಮನೆಯವರು ಒಪ್ಪಿದ್ದಾರೆ. ಅವರ ಹೆಸರಾಗಲಿ ನಮ್ಮ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಇರುವುದಿಲ್ಲ.

ಅಜ್ಜಿಗೆ 78 ವರ್ಷ. ಊರು ಕುಂದಾಪುರದ ಕಡೆ. ಮದುವೆಯಾಗಿ ಮುಂಬೈಗೆ ಬಂದವರು ಇಲ್ಲಿಯವರೇ ಆಗಿಹೋದರು. ಗಂಡ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವರು, ಈಗ ಇಲ್ಲ. ಅಜ್ಜಿ ಡೊಂಬಿವಲಿಯಲ್ಲಿ ಮಗ, ಸೊಸೆ ಜೊತೆ ಇದ್ದಾರೆ. 15 ವರ್ಷದಿಂದ ಶುಗರ್ ಇದೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಸ್ವಲ್ಪ ಸೋತಿದೆ, ವಾಕರ್ ಹಿಡಿದು ಬಾತ್‌ರೂಮಿನವರೆಗೆ ಹೋಗುತ್ತಾರೆ, ಅಷ್ಟೇ.

ಜುಲೈನಲ್ಲಿ, ಮಳೆ ಜೋರಾಗಿದ್ದ ಒಂದು ರಾತ್ರಿ, ಅವರನ್ನು ನಮ್ಮ ಹೆಂಗಸರ ವಾರ್ಡಿಗೆ ತಂದರು. ಚಳಿಜ್ವರ, ಮಾತು ತೊದಲು, ಶುಗರ್ 300 ದಾಟಿತ್ತು. ಮೂತ್ರದ ಸೋಂಕು. ಡ್ಯೂಟಿ ಡಾಕ್ಟರ್ ಹಿಂದಿಯಲ್ಲಿ ಕೇಳಿದರು. ಅಜ್ಜಿ ಇಷ್ಟು ವರ್ಷ ಮುಂಬೈಯಲ್ಲಿದ್ದು ತರಕಾರಿಯವನ ಹತ್ತಿರ ಮರಾಠಿಯಲ್ಲಿ ಚೌಕಾಶಿ ಮಾಡುವವರು, ಆದರೆ ಜ್ವರದಲ್ಲಿ ಬಾಯಿಗೆ ಬರುವುದು ಊರಿನ ಮಾತೇ, ಅಲ್ವಾ. ‘ಉರಿ, ಉರಿ’ ಅಂದರು. ಮಗ ಅದನ್ನು ‘ಜಲನ್’ ಅಂತ ಹೇಳಿದರು. ಡಾಕ್ಟರ್ ‘ಮೂತ್ರ ಮಾಡುವಾಗ ಉರಿ’ ಅಂತ ಬರೆದುಕೊಂಡರು. ಮೂತ್ರದ ಸೋಂಕು ಇದ್ದದ್ದೂ ನಿಜ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಚರ್ಮದ ಕಾಲಮ್ಮಿನಲ್ಲಿ ‘ನಾರ್ಮಲ್’ ಅಂತ ಬಿತ್ತು.

ನಾವು ನರ್ಸ್‌ಗಳು ಬ್ರೇಡನ್ ಸ್ಕೋರ್ ಹಾಕಿದೆವು. ಹಾಸಿಗೆ ಹುಣ್ಣಾಗುವ ಅಪಾಯ ಎಷ್ಟಿದೆ ಅಂತ ಅಳೆಯುವ ಪಟ್ಟಿ ಅದು. ಆರು ವಿಷಯ ನೋಡುತ್ತೇವೆ: ನೋವು ಗೊತ್ತಾಗುತ್ತದಾ, ಮೈ ಒದ್ದೆ ಇರುತ್ತದಾ, ಎದ್ದು ಓಡಾಡುತ್ತಾರಾ, ಮಗ್ಗುಲು ಬದಲಿಸುತ್ತಾರಾ, ಊಟ ಹೇಗಿದೆ, ಹಾಸಿಗೆಗೆ ಮೈ ಉಜ್ಜುತ್ತದಾ. 23 ಬಂದರೆ ಒಳ್ಳೆಯದು, 18 ಅಥವಾ ಕಡಿಮೆ ಬಂದರೆ ಎಚ್ಚರ. ಅಜ್ಜಿಗೆ 14 ಬಂತು. ಏರ್ ಬೆಡ್ ಹಾಕಿದೆವು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಬೋರ್ಡಿನಲ್ಲಿ ಬರೆದೆವು. ಒಳ್ಳೆಯ ಪಟ್ಟಿಯೇ, ನನಗೆ ಅದರ ಮೇಲೆ ನಂಬಿಕೆ ಇದೆ. ಆದರೆ ಆ ಆರರಲ್ಲಿ ‘ತುರಿಕೆ ಇದೆಯಾ’ ಅನ್ನುವ ಪ್ರಶ್ನೆ ಇಲ್ಲ. ನಾವೂ ಸೇರಿಸಿ ಕೇಳಲಿಲ್ಲ.

ಮೂರನೇ ದಿನ ಹೊಟ್ಟೆಯ ಮೇಲೆ, ತೊಡೆಯ ಮೇಲೆ ಕೆಂಪು ದದ್ದು ಎದ್ದವು. ಆಂಟಿಬಯೋಟಿಕ್ ಅಲರ್ಜಿ ಇರಬೇಕು ಅಂತ ಔಷಧಿ ಬದಲಿಸಿದರು. ಆ ಹೊತ್ತಿಗೆ ಅದು ಸರಿಯಾದ ಯೋಚನೆಯೇ. ಜೊತೆಗೆ ದದ್ದಿಗೆ ಅಂತ ಹೈಡ್ರಾಕ್ಸಿಜಿನ್ ಕೊಟ್ಟರು, ಅದು ಮಾತ್ರ ಭಾರವಾಯಿತು. ನಿದ್ದೆ ಬರಿಸುವ ಈ ಹಳೆಯ ಅಲರ್ಜಿ ಮಾತ್ರೆಗಳು ವಯಸ್ಸಾದವರಿಗೆ ಆಗಿಬರುವುದಿಲ್ಲ. ಗೊಂದಲ ಹೆಚ್ಚುತ್ತದೆ, ಮೂತ್ರ ಕಟ್ಟುತ್ತದೆ, ಎದ್ದರೆ ಬೀಳುತ್ತಾರೆ. ಅಜ್ಜಿ ಇಡೀ ದಿನ ಮಲಗಿದರು. ಸೊಂಟದ ಕೆಳಗೆ ಕೆಂಪಾಯಿತು.

ಐದನೇ ದಿನ ಬೆಳಿಗ್ಗೆ ಸ್ಪಂಜ್ ಮಾಡಲು ಗೌನ್ ಸರಿಸಿದರೆ ಹೊಟ್ಟೆಯ ಕೆಳಗೆ ಎರಡು, ಎಡ ತೊಡೆಯ ಒಳಗಡೆ ಮೂರು ನೀರುಗುಳ್ಳೆ. ದೊಡ್ಡದು ನೆಲ್ಲಿಕಾಯಿಯಷ್ಟು. ಹಿಂದಿನ ರಾತ್ರಿ ಚಳಿ ಅಂದಿದ್ದಕ್ಕೆ ಮಾವ್ಶಿ ಬಿಸಿನೀರಿನ ಬ್ಯಾಗ್ ಇಟ್ಟಿದ್ದರು. (ಇಲ್ಲಿ ಆಸ್ಪತ್ರೆಯ ಆಯಾಗಳನ್ನು ಎಲ್ಲರೂ ಮಾವ್ಶಿ ಅಂತಲೇ ಕರೆಯುವುದು.) ನಾನು ಬ್ಯಾಗ್ ನೋಡಿದೆ, ಗುಳ್ಳೆ ನೋಡಿದೆ, ಚಾರ್ಟಿನಲ್ಲಿ ಬರೆದೆ. ಮಗ ಬಂದು ಓದಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅಮ್ಮನ ಮೈಯನ್ನು ಹಾಗೆ ನೋಡಿದರೆ ಯಾರಿಗಾದರೂ ತಡೆಯುವುದಿಲ್ಲ. ಆದರೆ ಆ ಕೂಗಾಟ ಪೂರ್ತಿ ಮಾವ್ಶಿಯ ಮೇಲೆ ಹೋಯಿತು. ಬ್ಯಾಗನ್ನು ಟವೆಲಿನಲ್ಲಿ ಸುತ್ತಿ ಪಾದಕ್ಕೆ ಇಟ್ಟಿದ್ದೆ, ಹೊಟ್ಟೆಗೆ ಇಟ್ಟೇ ಇಲ್ಲ ಅಂತ ಆಕೆ ಅಳುತ್ತಾ ಹೇಳಿದರು. ಆಕೆಯ ಮಾತನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೂ ನಾಲ್ಕು ಗುಳ್ಳೆ. ಒಂದು ಕಂಕುಳಲ್ಲಿ, ಎರಡು ಮುಂಗೈಯ ಒಳಬದಿ, ಒಂದು ಪಕ್ಕೆಯಲ್ಲಿ. ಆ ರಾತ್ರಿ ಯಾರೂ ಬಿಸಿನೀರಿನ ಬ್ಯಾಗ್ ಮುಟ್ಟಿರಲಿಲ್ಲ. ಸುಟ್ಟಿದ್ದರೆ ಒಂದೇ ಸಲ ಬರಬೇಕು, ಶಾಖ ತಗುಲಿದ ಜಾಗದಲ್ಲೇ ಬರಬೇಕು. ಇವು ದಿನಕ್ಕೊಂದು ಹೊಸ ಜಾಗದಲ್ಲಿ ಬರುತ್ತಿವೆ. ಗುಳ್ಳೆಗಳು ಬಿಗಿಯಾಗಿ ಗುಂಡಗೆ ನಿಂತಿವೆ, ಒಡೆಯುವುದಿಲ್ಲ. ನಾನು ಮಂಚದ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಜ್ವರ ಇಳಿದಿತ್ತು, ಅಜ್ಜಿ ಎಚ್ಚರ ಇದ್ದರು. ‘ಅಜ್ಜಿ, ಎಲ್ಲಿ ಉರಿ?’ ಅಂತ ಕನ್ನಡದಲ್ಲಿ ಕೇಳಿದೆ.

‘ತುರ್ಸಿ ತುರ್ಸಿ ಉರಿ ಆತ್ತ್ ಮಗಾ, ಸುಟ್ಟದ್ದಲ್ಲ.’

ಯಾವಾಗಿನಿಂದ ಅಂದೆ. ಶಿವರಾತ್ರಿ ಹೊತ್ತಿಗೆ ಶುರುವಾದದ್ದಂತೆ. ಲೆಕ್ಕ ಹಾಕಿದರೆ ಐದು ತಿಂಗಳು! ರಾತ್ರಿ ನಿದ್ದೆ ಇಲ್ಲ, ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ಇಷ್ಟು ದಿನ ನಮ್ಮ ಫೈಲಿನಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ.

ಸೊಸೆಯನ್ನು ಕೇಳಿದೆ. ಪಾಪ, ಅವರು ಸುಮ್ನೆ ಕೂತವರಲ್ಲ. ಮೊದಲು ಒಣಚರ್ಮ ಅಂದುಕೊಂಡು ತೆಂಗಿನೆಣ್ಣೆ ಹಚ್ಚಿದರು. ಆಮೇಲೆ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿದರು. ಬೇವಿನ ಎಲೆ ಕುದಿಸಿ ಸ್ನಾನ ಮಾಡಿಸಿದರು. ಜೂನ್‌ನಲ್ಲಿ ಮಳೆ ಶುರುವಾಗಿ ಬಟ್ಟೆ ಒಣಗದೆ ಇರುವಾಗ ಇದು ಹುಳುಕಡ್ಡಿ ಇರಬೇಕು ಅಂತ ಮೆಡಿಕಲ್ ಸ್ಟೋರಿನವನು ಒಂದು ಟ್ಯೂಬ್ ಕೊಟ್ಟ. ಹಚ್ಚಿದರೆ ಎರಡು ದಿನದಲ್ಲಿ ಕಡಿಮೆ, ಬಿಟ್ಟರೆ ಮತ್ತೆ ಬಂತು. ಬ್ಯಾಗಿನಿಂದ ಟ್ಯೂಬ್ ತೆಗೆದು ತೋರಿಸಿದರು. ಫಂಗಸ್ಸಿನ ಔಷಧಿ, ಬ್ಯಾಕ್ಟೀರಿಯಾದ ಔಷಧಿ, ಜೊತೆಗೆ ಕ್ಲೋಬೆಟಸಾಲ್ ಅನ್ನುವ ಬಲವಾದ ಸ್ಟೆರಾಯ್ಡ್, ಮೂರೂ ಒಂದರಲ್ಲೇ. ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಮೊಂಡಾಗಿರುವುದಕ್ಕೆ ಚೀಟಿ ಇಲ್ಲದೆ ಸಿಗುವ ಇಂಥ ಮಿಕ್ಸ್ ಟ್ಯೂಬ್‌ಗಳೂ ಕಾರಣ ಅಂತ ಚರ್ಮದ ಡಾಕ್ಟರುಗಳು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಅಜ್ಜಿಗೆ ಇದ್ದದ್ದು ಹುಳುಕಡ್ಡಿಯೇ ಅಲ್ಲ. ಆದರೆ ಸ್ಟೆರಾಯ್ಡ್ ಅವರ ನಿಜವಾದ ಕಾಯಿಲೆಯನ್ನು ಅರ್ಧ ಮುಚ್ಚಿಟ್ಟಿತು. ಟ್ಯೂಬ್ ಮುಗಿದದ್ದು ಆಸ್ಪತ್ರೆಗೆ ಬರುವ ಹತ್ತು ದಿನದ ಮುಂಚೆ.

ಚರ್ಮದ ಡಾಕ್ಟರ್ ಮಧ್ಯಾಹ್ನ ಬಂದರು. ಅವರು ನೋಡಿದ ರೀತಿ ನನಗೆ ಮರೆಯುವುದಿಲ್ಲ. ಪರದೆ ಎಳೆಸಿ, ಲೈಟ್ ಹಾಕಿಸಿ, ತಲೆಯಿಂದ ಪಾದದವರೆಗೆ ನೋಡಿದರು. ಬೆರಳ ಸಂದು ನೋಡಿದರು, ಕಜ್ಜಿಯ ಹುಳ ಇದೆಯಾ ಅಂತ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ ಕೇಳಿದರು, ಇರಲಿಲ್ಲ. ಬಾಯಿ ತೆಗೆಸಿ ಟಾರ್ಚ್ ಹಾಕಿದರು, ಒಳಗೆ ಹುಣ್ಣಿಲ್ಲ. ಗುಳ್ಳೆಯ ಪಕ್ಕದ ಚರ್ಮವನ್ನು ಬೆರಳಿಂದ ಮೆಲ್ಲಗೆ ಒತ್ತಿ ಜಾರಿಸಿದರು, ಸುಲಿಯಲಿಲ್ಲ. ದದ್ದಿನಿಂದ ಸ್ವಲ್ಪ ಕೆರೆದು ಫಂಗಸ್ ಇದೆಯಾ ಅಂತ ನೋಡಲು ಕಳಿಸಿದರು, ಅದೂ ಇಲ್ಲ ಅಂತ ಬಂತು.

ಅವರು ಒಂದೊಂದನ್ನೇ ಬದಿಗಿಟ್ಟ ಬಗೆಯನ್ನು ಹೇಳಬೇಕು. ಸರ್ಪಸುತ್ತು ಆಗಿದ್ದರೆ ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಬರುತ್ತದೆ, ನೋವು ಜಾಸ್ತಿ. ಶುಗರ್ ಇರುವವರಿಗೆ ಬರುವ ಗುಳ್ಳೆ ಹೆಚ್ಚಾಗಿ ಪಾದ, ಕಾಲಿನಲ್ಲಿ, ತುರಿಕೆ ಇರುವುದಿಲ್ಲ. ಔಷಧಿಯ ತೀರಾ ಕೆಟ್ಟ ಅಲರ್ಜಿ ಆಗಿದ್ದರೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಹಾಳೆಯ ಹಾಗೆ ಬಿಚ್ಚುತ್ತದೆ. ಪೆಂಫಿಗಸ್ ಅಂತ ಇನ್ನೊಂದಿದೆ, ನಮ್ಮ ದೇಶದಲ್ಲಿ ಅದೇ ಜಾಸ್ತಿ, ಆದ್ದರಿಂದ ಗುಳ್ಳೆ ನೋಡಿದ ಕೂಡಲೇ ಎಲ್ಲರಿಗೂ ಅದೇ ನೆನಪಾಗುತ್ತದೆ. ಆದರೆ ಪೆಂಫಿಗಸ್ಸಿನ ಗುಳ್ಳೆ ಸಡಿಲ, ಮುಟ್ಟಿದರೆ ಒಡೆಯುತ್ತದೆ, ಹೆಚ್ಚಾಗಿ ಬಾಯಲ್ಲಿ ಮೊದಲು ಹುಣ್ಣಾಗುತ್ತದೆ. ವಯಸ್ಸಾದವರು, ತಿಂಗಳುಗಟ್ಟಲೆ ತುರಿಕೆ, ಆಮೇಲೆ ಬಿಗಿ ಗುಳ್ಳೆ, ಬಾಯಿ ಸ್ವಚ್ಛ. ಇಷ್ಟು ಸೇರಿದರೆ ಮೊದಲು ಯೋಚಿಸಬೇಕಾದದ್ದು ಬುಲಸ್ ಪೆಂಫಿಗಾಯ್ಡ್.

ಈ ಕಾಯಿಲೆಯನ್ನು ಪೆಂಫಿಗಸ್ಸಿನಿಂದ ಬೇರೆ ಮಾಡಿ ತೋರಿಸಿದವರು ವಾಲ್ಟರ್ ಲಿವರ್ ಅನ್ನುವ ಡಾಕ್ಟರ್, 1953ರಲ್ಲಿ. ನಮ್ಮ ಚರ್ಮಕ್ಕೆ ಮೇಲಿನ ಪದರ, ಕೆಳಗಿನ ಪದರ ಅಂತ ಇದೆ, ನಡುವೆ ಅಂಟಿನ ಹಾಗೆ ಕೆಲವು ಪ್ರೋಟೀನು. ದೇಹದ ರಕ್ಷಣೆಗೆ ಇರುವ ಪ್ರತಿಕಾಯಗಳೇ ತಪ್ಪಿ ಹೋಗಿ ಆ ಅಂಟಿನ ಮೇಲೆ ಬೀಳುತ್ತವೆ. ಅಂಟು ಬಿಟ್ಟ ಜಾಗದಲ್ಲಿ ನೀರು ತುಂಬಿ ಇಡೀ ಮೇಲ್ಪದರ ಮೇಲೇಳುತ್ತದೆ. ಮೇಲ್ಪದರ ಪೂರ್ತಿ ಇರುವುದರಿಂದ ಗುಳ್ಳೆ ಗಟ್ಟಿ. ತುರಿಕೆ ಮಾತ್ರ ಗುಳ್ಳೆಗಿಂತ ವಾರ, ತಿಂಗಳು ಮುಂಚೆಯೇ ಶುರುವಾಗಬಹುದು, ಆಗ ಕಣ್ಣಿಗೆ ಏನೂ ಕಾಣುವುದಿಲ್ಲ, ಇಲ್ಲವೇ ಬರೀ ದದ್ದು ಕಾಣುತ್ತದೆ. ಸ್ಟ್ರೋಕ್, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ.

ಆಮೇಲೆ ಡಾಕ್ಟರ್ ನನ್ನ ಕಡೆ ತಿರುಗಿ, ‘ಸಿಸ್ಟರ್, ಮನೆಯಲ್ಲಿ ತಗೊಳ್ಳುತ್ತಿದ್ದ ಮಾತ್ರೆ ಎಲ್ಲ ತೋರಿಸಿ, ಪಟ್ಟಿ ಬೇಡ, ಸ್ಟ್ರಿಪ್ಪೇ ಬೇಕು’ ಅಂದರು. ಸೊಸೆಯ ಚೀಲದಲ್ಲಿ ಎಲ್ಲ ಇತ್ತು. ಬಿ.ಪಿ. ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಮತ್ತೆ ಶುಗರಿಗೆ ಒಂದೇ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್, ವಿಲ್ಡಾಗ್ಲಿಪ್ಟಿನ್ ಎರಡೂ. ಹಿಂದಿನ ಗಣೇಶ ಚೌತಿಯ ಹೊತ್ತಿಗೆ ಶುರು ಮಾಡಿದ್ದಂತೆ. ಅಂದರೆ ತುರಿಕೆ ಶುರುವಾಗುವ ಐದು ತಿಂಗಳ ಮುಂಚೆ.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಕೆಟ್ಟವಲ್ಲ. ಅವುಗಳಿಂದ ಶುಗರ್ ದಿಢೀರನೆ ಇಳಿಯುವುದು ಕಡಿಮೆ, ಹಾಗಾಗಿ ವಯಸ್ಸಾದವರಿಗೆ ಡಾಕ್ಟರುಗಳು ಇಷ್ಟಪಟ್ಟು ಕೊಡುತ್ತಾರೆ. 2019ರ ಡಿಸೆಂಬರಿನಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಎಷ್ಟೋ ಕಂಪನಿಗಳು ಮಾಡತೊಡಗಿ ಬೆಲೆ ತುಂಬಾ ಇಳಿಯಿತು, ಈಗ ಮನೆಮನೆಯಲ್ಲಿ ಇದೆ. ತಗೊಳ್ಳುವವರಲ್ಲಿ ತೀರಾ ಕೆಲವರಿಗೆ ಮಾತ್ರ ಈ ಗುಳ್ಳೆ ಕಾಯಿಲೆ ಬರುತ್ತದೆ. ಈ ಗುಂಪಿನಲ್ಲಿ ವಿಲ್ಡಾಗ್ಲಿಪ್ಟಿನ್‌ಗೆ ಇದರ ನಂಟು ಹೆಚ್ಚು ಅಂತ ಬೇರೆ ಬೇರೆ ದೇಶದ ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆ ಶುರು ಮಾಡಿ ತಿಂಗಳುಗಳು ಕಳೆದ ಮೇಲೆ ಬರುವುದರಿಂದಲೇ ಯಾರಿಗೂ ತಾಳೆ ಆಗುವುದಿಲ್ಲ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ತುರಿಕೆ ಇದ್ದರೆ ಸ್ಟ್ರಿಪ್ ತಗೊಂಡು ಡಾಕ್ಟರ ಹತ್ತಿರ ಹೋಗಿ, ಅಷ್ಟು ಸಾಕು.

ಬಯಾಪ್ಸಿ, ಅಂದರೆ ಪರೀಕ್ಷೆಗೆ ಚರ್ಮದ ಚೂರು ತೆಗೆಯುವುದು, ಎರಡು ಮಾಡಿದರು. ಒಂದು ಹೊಸ ಗುಳ್ಳೆಯ ಅಂಚಿನಿಂದ, ಇನ್ನೊಂದು ಗುಳ್ಳೆಯ ಪಕ್ಕದ ಗುಳ್ಳೆ ಇಲ್ಲದ ಚರ್ಮದಿಂದ. ಮೊದಲಿನದು ಫಾರ್ಮಲಿನ್‌ಗೆ, ಚೂರು ಕೊಳೆಯದಂತೆ ಇಡುವ ದ್ರಾವಣ ಅದು. ಎರಡನೆಯದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಟ್ಟಿತು, ಅದರಲ್ಲಿ ಹುಡುಕುವುದು ಪ್ರತಿಕಾಯವನ್ನು, ಫಾರ್ಮಲಿನ್ ಅದನ್ನು ಹಾಳು ಮಾಡುತ್ತದೆ. ನಮ್ಮ ಟ್ರೇಯಲ್ಲಿ ಎರಡೂ ಬಾಟಲಿ ಫಾರ್ಮಲಿನ್ನೇ ಇತ್ತು! ಡಾಕ್ಟರ್ ನೋಡಿ ತಡೆದರು. ವಾರ್ಡಿನಲ್ಲಿ ಕೆಲಸ ಮಾಡುವ ನನ್ನಂಥವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು. ಅದಕ್ಕೆ ಪ್ರತಿಕಾಯ ಹಾಳಾಗದಂತೆ ಇಡುವ ಮಿಶೆಲ್ ಮೀಡಿಯಮ್ ಅನ್ನುವ ದ್ರಾವಣ ಬೇಕು, ಅದಿಲ್ಲದಿದ್ದರೆ ಬರೀ ಸಲೈನ್‌ನಲ್ಲಿ ಹಾಕಿ 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನಮ್ಮಲ್ಲಿ ಸಲೈನ್ ಮಾತ್ರ ಇತ್ತು. ಆ ದಿನ ಕುರ್ಲಾ, ಸಯಾನ್ ನಡುವೆ ಹಳಿ ಮೇಲೆ ನೀರು, ಲೋಕಲ್ ತಡ. ಮಗ ಆ ಬಾಟಲಿಯನ್ನು ಐಸ್ ಪ್ಯಾಕ್ ಜೊತೆ ಟಿಫಿನ್ ಬ್ಯಾಗಿನಲ್ಲಿಟ್ಟುಕೊಂಡು, ಅರ್ಧ ದಾರಿ ಬಸ್ಸು, ಅರ್ಧ ದಾರಿ ನಡಿಗೆಯಲ್ಲಿ ಸಂಜೆ ಹೊತ್ತಿಗೆ ತಲುಪಿಸಿದರು.

ರಿಪೋರ್ಟಿನಲ್ಲಿ ಎರಡು ಪದರದ ನಡುವಿನ ಗೆರೆಯ ಉದ್ದಕ್ಕೂ ಐಜಿಜಿ ಅನ್ನುವ ಪ್ರತಿಕಾಯ ಮತ್ತು ಅದರ ಜೊತೆ ಸೇರಿ ಕೆಲಸ ಮಾಡುವ ಸಿ3 ಅನ್ನುವ ಪ್ರೋಟೀನು ನೂಲೆಳೆದ ಹಾಗೆ ಕೂತಿತ್ತು. ಬುಲಸ್ ಪೆಂಫಿಗಾಯ್ಡ್ ಅಂತ ಖಚಿತವಾಯಿತು. ವಿಲ್ಡಾಗ್ಲಿಪ್ಟಿನ್ ಅನ್ನು ಡಾಕ್ಟರ್ ಅದಕ್ಕೂ ಮುಂಚೆಯೇ ನಿಲ್ಲಿಸಿ ಇನ್ಸುಲಿನ್ ಶುರು ಮಾಡಿಸಿದ್ದರು.

ಇನ್ನು ಚಿಕಿತ್ಸೆ. ಸ್ಟೆರಾಯ್ಡ್ ಮಾತ್ರೆ ಕೊಟ್ಟರೆ ಗುಳ್ಳೆ ಬೇಗ ನಿಲ್ಲುತ್ತದೆ, ಆದರೆ ಶುಗರ್ ಏರುತ್ತದೆ, ಸೋಂಕಿನಿಂದ ಆಗಷ್ಟೇ ಎದ್ದವರಿಗೆ ಅದು ಅಪಾಯ. 2002ರಲ್ಲಿ ಫ್ರಾನ್ಸಿನ ಡಾಕ್ಟರುಗಳು 341 ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಕಾಯಿಲೆ ಮೈತುಂಬಾ ಹರಡಿದವರಲ್ಲಿ ಕ್ಲೋಬೆಟಸಾಲ್ ಕ್ರೀಮ್ ಹಚ್ಚಿಸಿಕೊಂಡವರು ಮಾತ್ರೆ ತಗೊಂಡವರಿಗಿಂತ ಹೆಚ್ಚು ಜನ ಬದುಕುಳಿದಿದ್ದರು. ಅಜ್ಜಿಗೂ ಅದನ್ನೇ ಆರಿಸಿದರು. ದಿನಕ್ಕೆ 20 ಗ್ರಾಂ, ಮುಖ ಬಿಟ್ಟು ಮೈಗೆಲ್ಲ ತೆಳ್ಳಗೆ. ಜೊತೆಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಇಲ್ಲಿ ಅದು ಸೋಂಕಿಗಲ್ಲ, ಉರಿಯೂತ ಇಳಿಸಲು.

ಮಗ ಕೇಳಿದರು, ‘ಸಿಸ್ಟರ್, ಅಂಗಡಿಯವನು ಕೊಟ್ಟದ್ದೂ ಇದೇ ಔಷಧಿ, ಅದು ತಪ್ಪು ಅಂದಿರಿ. ಈಗ ಇಪ್ಪತ್ತು ಗ್ರಾಂ ಹಚ್ಚುತ್ತೀರಲ್ಲ?’ ಸರಿಯಾದ ಪ್ರಶ್ನೆ. ಅಂಗಡಿಯವನು ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಕೊಟ್ಟ. 15 ಗ್ರಾಂ ಟ್ಯೂಬನ್ನು ಮೂರು ವಾರ ಅಲ್ಲೊಂದು ಇಲ್ಲೊಂದು ಕಡೆ ಹಚ್ಚಿದ್ದರಿಂದ ಕಾಯಿಲೆ ಹೋಗಲಿಲ್ಲ, ಮುಚ್ಚಿಕೊಂಡಿತು ಅಷ್ಟೇ. ಇಲ್ಲಿ ಕಾಯಿಲೆ ಗೊತ್ತು, ಅಳತೆ ಗೊತ್ತು, ಯಾವಾಗ ಇಳಿಸಬೇಕು ಅನ್ನುವ ಲೆಕ್ಕ ಇದೆ, ಚರ್ಮ ತೆಳುವಾಗುತ್ತಿದೆಯಾ, ಶುಗರ್ ಏರುತ್ತಿದೆಯಾ ಅಂತ ದಿನಾ ನೋಡುವವರಿದ್ದಾರೆ. ಹೀಗೆ ಹೇಳಿದೆ. ಅವರು ತಲೆಯಾಡಿಸಿದರು.

ದಿನದ ಕೆಲಸ ನಮ್ಮದು. ದೊಡ್ಡ ಗುಳ್ಳೆಗಳನ್ನು ಸ್ಟೆರೈಲ್ ಸೂಜಿಯಿಂದ ಬುಡದಲ್ಲಿ ಚುಚ್ಚಿ ನೀರು ಇಳಿಸಿದೆವು, ಮೇಲಿನ ಚರ್ಮ ಕತ್ತರಿಸಲಿಲ್ಲ, ಗಾಯಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಸೋರುವ ಕಡೆಗೆ ಪೊಟ್ಯಾಸಿಯಂ ಪರ್ಮಾಂಗನೇಟನ್ನು ತೆಳು ಗುಲಾಬಿ ಬಣ್ಣ ಬರುವಷ್ಟೇ ಕಲಸಿ ಅದ್ದಿದ ಬಟ್ಟೆ. ಅಂಟದ ಪ್ಯಾರಾಫಿನ್ ಗಾಜ್, ಮೇಲೆ ರೋಲರ್ ಬ್ಯಾಂಡೇಜ್. ಅಂಟು ಟೇಪನ್ನು ಮೈಮೇಲೆ ಎಲ್ಲೂ ಹಾಕಲಿಲ್ಲ. ಟೇಪ್ ಕೀಳುವಾಗ ಮುದುಕರ ಚರ್ಮವೇ ಕಿತ್ತು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ವಯಸ್ಸಾದಂತೆ ಎರಡು ಪದರಗಳ ಹಿಡಿತವೇ ಸಡಿಲವಾಗುತ್ತದೆ. ಉಗುರು ಕತ್ತರಿಸಿದೆವು. ಕ್ರೀಮ್ ಹಚ್ಚುವಾಗ ಗ್ಲೌಸ್ ಬೇಕೇ ಬೇಕು, ಇಲ್ಲದಿದ್ದರೆ ಹಚ್ಚುವವರ ಕೈ ಚರ್ಮವೂ ತೆಳುವಾಗುತ್ತದೆ. ಡಾಕ್ಸಿಸೈಕ್ಲಿನ್ ನುಂಗಿಸುವಾಗ ಎತ್ತಿ ಕೂರಿಸಿ, ಲೋಟ ತುಂಬಾ ನೀರು ಕುಡಿಸಿ, ಅರ್ಧ ಗಂಟೆ ಮಲಗಲು ಬಿಡಲಿಲ್ಲ. ಮಲಗಿಕೊಂಡು ನುಂಗಿದರೆ ಅದು ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ.

ಈ ಮಧ್ಯೆ ಪಕ್ಕದ ಬೆಡ್ಡಿನವರು ‘ನಾಗೀಣ್ ಆಗಿದೆ, ನಮಗೆ ಅಂಟುತ್ತದೆ, ಬೇರೆ ಬೆಡ್ ಕೊಡಿ’ ಅಂತ ಗಲಾಟೆ ಮಾಡಿದರು. (ಸರ್ಪಸುತ್ತನ್ನು ಮರಾಠಿಯಲ್ಲಿ ನಾಗೀಣ್ ಅನ್ನುತ್ತಾರೆ.) ಇದು ಅಂಟುರೋಗವಲ್ಲ, ಮುಟ್ಟಿದರೆ ಬರುವುದಿಲ್ಲ. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಸೊಸೆ ಎಲ್ಲರ ಎದುರಿಗೆ ಅಜ್ಜಿಯ ಕೈ ಹಿಡಿದುಕೊಂಡು ಕೂತು ಊಟ ಮಾಡಿಸಿದರು, ಆಮೇಲೆ ಯಾರೂ ಮಾತಾಡಲಿಲ್ಲ.

ಕ್ರೀಮ್ ಶುರು ಮಾಡಿದ ನಾಲ್ಕನೇ ದಿನಕ್ಕೆ ತುರಿಕೆ ಇಳಿಯಿತು. ಎಷ್ಟೋ ತಿಂಗಳ ಮೇಲೆ ಅಜ್ಜಿ ರಾತ್ರಿ ಪೂರ್ತಿ ನಿದ್ದೆ ಮಾಡಿದರು, ಅದೂ ನಿದ್ದೆ ಬರಿಸುವ ಮಾತ್ರೆ ಇಲ್ಲದೆ. ಎರಡನೇ ವಾರ ಮುಗಿಯುವ ಹೊತ್ತಿಗೆ ಹೊಸ ಗುಳ್ಳೆ ನಿಂತವು. ಸೇರಿದ 21ನೇ ದಿನ ಮನೆಗೆ ಹೋದರು. ಕ್ರೀಮ್ ನಿಧಾನವಾಗಿ ಇಳಿಸುತ್ತಾ ಹೋಗುವುದು ತಿಂಗಳುಗಟ್ಟಲೆಯ ಕೆಲಸ. ಅಕ್ಟೋಬರಿನಲ್ಲಿ ತೊಡೆಯ ಮೇಲೆ ಎರಡು ಗುಳ್ಳೆ ಮತ್ತೆ ಬಂದು ಹೋದವು.

ಹಿಂದಿರುಗಿ ನೋಡಿದರೆ ನನಗೆ ತುಂಬಾ ಕಾಡುವುದು ಆ ಐದು ತಿಂಗಳು. ‘ವಯಸ್ಸಾಯಿತಲ್ಲ, ತುರಿಸುತ್ತದೆ’ ಅನ್ನುವ ಮಾತಿನಲ್ಲೇ ಕಳೆದುಹೋದವು. ವಯಸ್ಸಾದವರಲ್ಲಿ ಎಣ್ಣೆ ಗ್ರಂಥಿ ಸೋತು ಚರ್ಮ ಒಣಗಿ ತುರಿಸುವುದು ನಿಜವೇ. ಆದರೆ ಅದು ಚಳಿಗಾಲದಲ್ಲಿ, ಏಸಿಯಲ್ಲಿ, ಮೊಣಕಾಲಿನ ಕೆಳಗೆ ಜಾಸ್ತಿ, ಒಂದೆರಡು ವಾರ ಸರಿಯಾಗಿ ಎಣ್ಣೆಯೋ ಕ್ರೀಮೋ ಹಚ್ಚಿದರೆ ತಗ್ಗುತ್ತದೆ. ತಗ್ಗದಿದ್ದರೆ ಅದು ಬರೀ ವಯಸ್ಸಲ್ಲ. ಆರು ವಾರ ದಾಟಿದ ತುರಿಕೆಯನ್ನು ಡಾಕ್ಟರುಗಳು ದೀರ್ಘಕಾಲದ್ದು ಅಂತ ಲೆಕ್ಕ ಹಿಡಿದು ಕಾರಣ ಹುಡುಕುತ್ತಾರೆ. ಅಜ್ಜಿಯದು ಇಪ್ಪತ್ತು ವಾರ ದಾಟಿತ್ತು. ಈಗ ನಮ್ಮ ವಾರ್ಡಿನಲ್ಲಿ ಬ್ರೇಡನ್ ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸುತ್ತೇವೆ: ತುರಿಕೆ ಇದೆಯಾ, ಎಷ್ಟು ದಿನದಿಂದ. ಇನ್ನೂ ಒಂದು, ಅದನ್ನು ರೋಗಿಯ ಭಾಷೆ ಬಲ್ಲವರಿಂದಲೇ ಕೇಳಿಸುತ್ತೇವೆ.

ಮಾವ್ಶಿಯ ವಿಷಯ. ಚಾರ್ಟಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ರಿಪೋರ್ಟ್ ಬಂದ ದಿನ ‘ಸುಟ್ಟ ಗಾಯ?’ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಕು, ಸಮಯ ಹಾಕಿ, ಕೆಳಗೆ ನಿಜವಾದ ಕಾರಣ ಬರೆದೆ. ಆಮೇಲೆ ಆ ಹಾಳೆಯನ್ನು ಮಾವ್ಶಿಗೆ ತೋರಿಸಿ, ಅದರಲ್ಲಿ ಏನಿದೆ ಅಂತ ಮರಾಠಿಯಲ್ಲಿ ಓದಿ ಹೇಳಿ, ತಪ್ಪಾಯಿತು ಅಂದೆ. ಅಜ್ಜಿಯ ಮಗನೂ ಬಂದು ಕೈಮುಗಿದರು. ಆಕೆ ಏನೂ ಹೇಳಲಿಲ್ಲ, ಬಕೆಟ್ ತಗೊಂಡು ಒಳಗೆ ಹೋದರು. ಮರುದಿನ ಅಜ್ಜಿಯನ್ನು ಸ್ಪಂಜ್ ಮಾಡಲು ತಾವಾಗಿಯೇ ಬಂದರು.

ಡಿಸ್ಚಾರ್ಜ್ ಕಾರ್ಡಿನಲ್ಲಿ ಡಾಕ್ಟರ್ ಕೆಂಪು ಪೆನ್ನಿನಲ್ಲಿ ಬರೆದಿದ್ದರು, ಗ್ಲಿಪ್ಟಿನ್ ಗುಂಪಿನ ಯಾವ ಮಾತ್ರೆಯೂ ಬೇಡ. ಸೊಸೆಗೆ ನಾನು ಬೇರೆಯಾಗಿ ಹೇಳಿದ್ದೆ, ‘ಅಕ್ಕ, ಮೇಲಿನ ದೊಡ್ಡ ಹೆಸರು ಕಂಪನಿಯದು, ಅದು ನೂರು ಥರ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ.’ ಡಿಸೆಂಬರಿನಲ್ಲಿ ಅವರ ಫೋನ್ ಬಂತು. ಇನ್ಸುಲಿನ್ ಚುಚ್ಚುವುದು ಕಷ್ಟ ಅಂತ ಹತ್ತಿರದ ಹೊಸ ಡಾಕ್ಟರಿಗೆ ತೋರಿಸಿದ್ದರಂತೆ, ಅವರು ಮಾತ್ರೆ ಬರೆದುಕೊಟ್ಟಿದ್ದಾರೆ, ಕಾರ್ಡ್ ತೋರಿಸಲು ಮರೆತಿದೆ.

‘ಸಿಸ್ಟರ್, ಇದು ಟೆನೆಲಿಗ್ಲಿಪ್ಟಿನ್ ಅಂತ ಇದೆ. ಮುಂದಿನದು ಬೇರೆ, ಆದರೆ ಕೊನೆಗೆ ಅದೇ ಗ್ಲಿಪ್ಟಿನ್. ಕೊಡಲಾ?’

‘ಕೊಡಬೇಡಿ ಅಕ್ಕ. ಕಾರ್ಡ್ ತಗೊಂಡು ಇವತ್ತೇ ಆ ಡಾಕ್ಟರಿಗೆ ತೋರಿಸಿ’ ಅಂದೆ.

ಸಂಜೆ ಮತ್ತೆ ಫೋನ್ ಮಾಡಿ, ಮಾತ್ರೆ ಬದಲಿಸಿಕೊಟ್ಟರು ಅಂದರು. ಹಿಂದಿನಿಂದ ಅಜ್ಜಿಯ ದನಿ ಕೇಳಿಸುತ್ತಿತ್ತು, ಸ್ಟೌ ಮೇಲೆ ಹಾಲು ಉಕ್ಕುತ್ತಿದೆ, ಮೊದಲು ಅದನ್ನು ನೋಡು ಅಂತ ಸೊಸೆಯನ್ನು ಕರೆಯುತ್ತಿದ್ದರು.